ಪಡಸಾಲೆಯ ಬೋರ್ಡು

ನಮ್ಮ ಮನೆಗೆ ಪಡಸಾಲೆ ಇತ್ತು, ಆದರೆ ಅದು ನಮ್ಮದಾಗಿರಲಿಲ್ಲ. ಟಿಕೋಟಾದ ಬಸ್ ಸ್ಟ್ಯಾಂಡಿಗೆ ಕೂಗಳತೆಯಲ್ಲಿದ್ದ ಆ ಮನೆಯ ಮುಂಭಾಗವನ್ನು ಊರಿನ ಸಾರ್ವಜನಿಕ ವಾಚನಾಲಯಕ್ಕೆ ಬಿಟ್ಟುಕೊಟ್ಟು, ಅಪ್ಪ, ಅವ್ವ, ಅತ್ತೆ, ನಾನು, ತಮ್ಮ ಹೀಗೆ ಐದು ಜನ ಹಿಂದಿನ ಒಂದೂವರೆ ಕೋಣೆಯಲ್ಲಿ ಇದ್ದೆವು. ಒಂದು ಕೋಣೆ ಅಡುಗೆಗೆ, ಊಟಕ್ಕೆ, ಮಲಗುವುದಕ್ಕೆ ಮತ್ತು ಜಗಳಕ್ಕೆ. ಉಳಿದ ಅರ್ಧ ಜೋಳದ ಚೀಲಗಳಿಗೆ, ಮತ್ತು ಆ ಚೀಲಗಳ ನಡುವೆ ಹಾಸಿಕೊಳ್ಳುತ್ತಿದ್ದ ನನಗೂ ಅತ್ತೆಗೂ. ಹೊರಗಿನಿಂದ ಅಡುಗೆಮನೆಗೆ ಹೋಗಬೇಕೆಂದರೆ ಓದುಗರ ನಡುವೆಯೇ ಹಾಯ್ದು ಹೋಗಬೇಕು, ಬೇರೆ ಬಾಗಿಲಿರಲಿಲ್ಲ. ಅವ್ವ ನೀರಿನ ಕೊಡ ಹೊತ್ತು ಬಂದರೆ ಪೇಪರು ಹಿಡಿದು ಕೂತವರೆಲ್ಲ ಕಾಲು ಮಡಚಿಕೊಳ್ಳುತ್ತಿದ್ದರು, ಆಕೆ ದಾಟಿದ ಮೇಲೆ ಮತ್ತೆ ಚಾಚುತ್ತಿದ್ದರು. ಒಳಗೆ ಒಗ್ಗರಣೆ ಹಾಕಿದರೆ ಹೊರಗೆ ಸಂಪಾದಕೀಯ ಓದುವವರು ಸೀನುತ್ತಿದ್ದರು. ನಮ್ಮಲ್ಲಿ ಯಾರಿಗೆ ಜ್ವರ, ಯಾರಿಗೆ ಯಾರ ಮೇಲೆ ಸಿಟ್ಟು ಎಂಬುದು ಊರಿಗೆಲ್ಲ ಗೊತ್ತಿರುತ್ತಿತ್ತು. ಅಂಥ ಮನೆಯಲ್ಲಿ ಬೆಳೆದೂ ನಾನು ಒಂದು ಗುಟ್ಟನ್ನು ಅಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ ಎಂದರೆ ನನಗೇ ಆಶ್ಚರ್ಯವಾಗುತ್ತದೆ.

ವಾಚನಾಲಯದ ಕೆಲಸ ಇದ್ದದ್ದು ಅಪ್ಪನ ಹೆಸರಿನಲ್ಲಿ. ಆತ ಹಗಲೆಲ್ಲ ಪಂಚಾಯ್ತಿಯಲ್ಲಿ ಕಾರಕೂನನಾಗಿದ್ದರಿಂದ ಕೆಲಸ ಮಾಡುತ್ತಿದ್ದವಳು ಅತ್ತೆ. ಹೆಸರು ಕಾಶವ್ವ, ಅಪ್ಪನ ಒಬ್ಬಳೇ ತಂಗಿ. ಗಂಡ ಮತ್ತೊಬ್ಬಳನ್ನು ಮನೆಗೆ ತಂದಾಗ ಒಂದು ತಗಡಿನ ಟ್ರಂಕು ಹಿಡಿದು ತವರಿಗೆ ಬಂದವಳು. ಆ ದಿನದ ಕಥೆಯನ್ನು ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಬದುಕಿರುವವರೆಗೂ ಹೇಳುತ್ತಿದ್ದಳು. ಅಪ್ಪ ಊಟಕ್ಕೆ ಕೂತಿದ್ದನಂತೆ. ಬಾಗಿಲಲ್ಲಿ ತಂಗಿ ಬಂದು ನಿಂತಳಂತೆ. ಯಾಕೆ ಬಂದೆ ಎಂದು ಕೇಳಲಿಲ್ಲ, ಎಷ್ಟು ದಿನ ಇರುತ್ತೀ ಎಂದು ಕೇಳಲಿಲ್ಲ. ಮಗ್ಗುಲಿಗೆ ಒಂದು ತಾಟು ಇಡಿಸಿ, ತನ್ನ ರೊಟ್ಟಿಯನ್ನು ನಡುವೆ ಮುರಿದು ಅರ್ಧವನ್ನು ಆ ತಾಟಿಗೆ ಹಾಕಿದನಂತೆ. ಅಷ್ಟೇ ಕಥೆ. ಆಯಿ ಇದನ್ನು ಹೇಳಲು ಶುರುಮಾಡಿದರೆ ಅತ್ತೆ ಏನೋ ಕೆಲಸ ನೆನಪಾದವಳ ಹಾಗೆ ಎದ್ದು ಹೋಗುತ್ತಿದ್ದಳು. ಆದರೆ ಆ ಅರ್ಧ ರೊಟ್ಟಿಯ ಜೊತೆಗೆ ಅಪ್ಪ ಕೆಲವು ಕಟ್ಟಳೆಗಳನ್ನೂ ಬಡಿಸಿದ್ದ. ದೀಪ ಹಚ್ಚಿದ ಮೇಲೆ ಹೊಸ್ತಿಲು ದಾಟಬಾರದು, ಮದುವೆ ಮುಂಜಿಗಳಲ್ಲಿ ಮುಂದೆ ನಿಲ್ಲಬಾರದು, ಸಿನಿಮಾ ಥೇಟರಿನ ಮೆಟ್ಟಿಲಂತೂ ಹತ್ತಲೇಬಾರದು. ತಿಂಗಳಿಗೊಮ್ಮೆ ವಿಜಯಪುರಕ್ಕೆ ಬಸ್ಸಿನಲ್ಲಿ ಹೋಗಿ ಹೊಸ ಪುಸ್ತಕಗಳ ಗಂಟು ತರುವುದಕ್ಕೆ ಮಾತ್ರ ಅಪ್ಪಣೆಯಿತ್ತು. ಅಪ್ಪ ಕೆಟ್ಟವನಲ್ಲ. ಜನರ ಬಾಯಿಗೆ ಹೆದರುವ ಒಳ್ಳೆಯವನಾಗಿದ್ದ, ಅಂಥವರ ಜೊತೆ ಬಾಳುವುದು ಕೆಟ್ಟವರ ಜೊತೆ ಬಾಳುವುದಕ್ಕಿಂತ ತುಸು ಕಷ್ಟ.

ಬಾಗಿಲ ಪಕ್ಕದ ಗೋಡೆಗೆ ಕಪ್ಪು ಬಣ್ಣ ಹೊಡೆದ ಒಂದು ಹಲಗೆ ತೂಗುತ್ತಿತ್ತು. ಶನಿವಾರ ಮಧ್ಯಾಹ್ನ ಅತ್ತೆ ಅದನ್ನು ಒದ್ದೆ ಬಟ್ಟೆಯಿಂದ ಒರೆಸಿ, ಸೀಮೆಸುಣ್ಣದಿಂದ ವಾರದ ಸುದ್ದಿ ಬರೆಯುತ್ತಿದ್ದಳು. ಮೇಲೆ ಹೊಸದಾಗಿ ಬಂದ ಪುಸ್ತಕ. ಅದರ ಕೆಳಗೆ ವಿಜಯಪುರದ ಥೇಟರುಗಳಲ್ಲಿ ನಡೆಯುತ್ತಿರುವ ಸಿನಿಮಾ. ಕೊನೆಗೆ 'ನಮ್ಮ ಮಾತು' ಎಂದು ಗೆರೆ ಎಳೆದು ಒಂದೇ ಸಾಲು. ಊರು ಕಾಯುತ್ತಿದ್ದದ್ದು ಆ ಸಾಲಿಗೆ. 'ಮೊದಲರ್ಧ ನಿದ್ದೆ, ಎರಡನೆಯ ಅರ್ಧ ಅಳು. ಮನೆಯಲ್ಲೇ ಅಳುವವರು ಹೋಗುವ ಕಾರಣವಿಲ್ಲ' ಎಂದು ಒಮ್ಮೆ ಬರೆದಿದ್ದಳು. 'ಹೊಡೆದಾಟ ಬಹಳ, ಹೊಡೆಸಿಕೊಂಡವರಿಗೆ ಒಂದೂ ಗಾಯವಿಲ್ಲ' ಎಂದು ಇನ್ನೊಮ್ಮೆ. ಒಂದು ಕಾದಂಬರಿಗೆ 'ಅತ್ತೆ ಸೊಸೆ ಇಬ್ಬರೂ ಓದಬೇಕು, ಬೇರೆ ಬೇರೆ ವಾರ' ಎಂದು ಬರೆದದ್ದನ್ನು ನೋಡಿ ಅವ್ವನೂ ನಕ್ಕಿದ್ದಳು. ಅವ್ವ ಅತ್ತೆಯ ಯಾವ ಕೆಲಸಕ್ಕಾದರೂ ನಕ್ಕದ್ದು ಅದೊಂದೇ ಸಲ ಇರಬೇಕು. ಭಾನುವಾರ ಸಂತೆಗೆ ನಗರಕ್ಕೆ ಹೋಗುವವರು ಬಸ್ ಹತ್ತುವ ಮುನ್ನ ಬೋರ್ಡು ನೋಡಿಯೇ ಹೋಗುತ್ತಿದ್ದರು. ಓದಲು ಬಾರದವರು ಅತ್ತೆಯಿಂದ ಓದಿಸಿಕೊಂಡು, ಆಕೆ ಬೇಡ ಅಂದದ್ದನ್ನು ನೋಡುತ್ತಿರಲಿಲ್ಲ.

ಇದರಲ್ಲಿ ತಮಾಷೆ ಎಂದರೆ ಅತ್ತೆ ಜನ್ಮದಲ್ಲಿ ಒಂದೂ ಸಿನಿಮಾ ನೋಡಿರಲಿಲ್ಲ. ಆಕೆ ಕೇಳುತ್ತಿದ್ದಳು. ನಗರಕ್ಕೆ ಹೋಗಿ ಸಿನಿಮಾ ನೋಡಿ ಬಂದವರು ನಮ್ಮ ಪಡಸಾಲೆಯ ಉದ್ದನೆಯ ಬಾಕಿನ ಮೇಲೆ ಕೂತು ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಬೇಕು, ಇದು ಆಕೆ ಮಾಡಿದ ಪದ್ಧತಿ. ಅರ್ಧ ನೋಡಿ ಎದ್ದು ಬಂದವರಿಗೆ, ನಿದ್ದೆ ಹೋದವರಿಗೆ ಬಾಕಿನ ಮೇಲೆ ಜಾಗವಿಲ್ಲ. ಅತ್ತೆ ಕೆಳಗೆ ಚಾಪೆಯ ಮೇಲೆ ಮೊಣಕಾಲಿಗೆ ಗದ್ದ ಊರಿ ಕೂತು, 'ಆಮ್ಯಾಲ?' ಎಂದು ಕೇಳುತ್ತಾ ಹೋಗುವಳು. ಪೇಚಿಗೆ ಸಿಕ್ಕಿಸುವ ಪ್ರಶ್ನೆಗಳು. ಅಷ್ಟು ದೊಡ್ಡ ಮನೆಯಲ್ಲಿ ಅಡುಗೆ ಯಾರು ಮಾಡತಾರ? ಆಕೆ ಓಡಿ ಹೋಗುವಾಗ ಕೂಸಿಗೆ ಹಾಲು ಕುಡಿಸಿದ್ದಳೇನು? ಹೇಳುವವರು ತಡವರಿಸುತ್ತಿದ್ದರು. ಕಥೆ ಮುಗಿದ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಸಿನಿಮಾದ ಹೆಸರು, ಅದರ ಮುಂದೆ 'ಹೇಳಿದವರು' ಎಂದು ಆ ಮನುಷ್ಯನ ಹೆಸರು ಬರೆಯುತ್ತಿದ್ದಳು. ಆ ನೋಟ್‌ಬುಕ್ಕಿನಲ್ಲಿ ಬಸ್ ಕಂಡಕ್ಟರನಿದ್ದ, ದ್ರಾಕ್ಷಿ ತೋಟದ ಮಾಲಕನಿದ್ದ, ಬಿಜ್ಜರಗಿಯಿಂದ ಕುರಿ ಮಾರಲು ಬರುವವನಿದ್ದ. ನನ್ನ ಹೆಸರು ಇರಲಿಲ್ಲ. ಆರನೆಯ ಇಯತ್ತೆಯ ಹುಡುಗಿಗೆ ಬೇರೆ ಯಾವ ಆಸೆಯೂ ಅಷ್ಟು ದೊಡ್ಡದಿರಲಾರದು.

ಅತ್ತೆ ಎಲ್ಲರ ಊಟ ಮುಗಿದ ಮೇಲೆ ಕೂರುತ್ತಿದ್ದಳು. ಬಲಗೈಯಲ್ಲಿ ರೊಟ್ಟಿ, ಶೇಂಗಾ ಹಿಂಡಿ, ಎಡಗೈಯಲ್ಲಿ ಪುಸ್ತಕ. ಅವ್ವನಿಗೆ ಅದು ಮೈ ಉರಿಯುವ ವಿಷಯ. ಅವ್ವ ಬೇಕೆಂದೇ ಹಳೆಯ ಪೇಪರಿನ ಕಟ್ಟಿನ ಮೇಲೆ ಶೇಂಗಾ ಚೀಲ ಇಡುವಳು, ಅತ್ತೆ ಮಾತಿಲ್ಲದೆ ಅದನ್ನು ಎತ್ತಿ ಕೆಳಗಿಡುವಳು. ದಿನಕ್ಕೆ ಎರಡು ಸಲವಾದರೂ ಇದು ನಡೆಯುತ್ತಿತ್ತು.

"ಮನ್ಯಾಗ ಇರೂದು ಒಂದೂವರಿ ಖೋಲಿ. ಮಂದೀಗೆ ಪುಸ್ತಕ ಓದಸ್ಕೋತ ಕುಂತ್ರ ನನ್ನ ಮಕ್ಕಳ ಎಲ್ಲಿ ಮಲಗಬೇಕಬೇ?"

"ಪುಸ್ತಕದ ಮ್ಯಾಲ ಮಲಗಸ ವೈನಿ. ತೆಲಿಗೆ ಒಂದಿಷ್ಟರ ಹತ್ತೀತು."

ನಗು ಬರುವಂಥ ಜಗಳಗಳೇ ಅವು. ಆದರೆ ಪ್ರತಿ ಜಗಳದ ಕೊನೆಗೆ ಅವ್ವ ಒಂದು ಮಾತು ಆಡದೆ ಬಿಡುತ್ತಿದ್ದಳು, ಆಡದಿದ್ದರೂ ಅದು ಎಲ್ಲರಿಗೂ ಕೇಳುತ್ತಿತ್ತು. ಇದು ನಿನ್ನ ಮನೆಯಲ್ಲ ಎಂಬ ಮಾತು. ಅತ್ತೆ ಬೋರ್ಡಿನ ಮುಂದೆ ನಿಂತಾಗ ಮಾತ್ರ ಅದು ಆಕೆಗೆ ಕೇಳಿಸುತ್ತಿರಲಿಲ್ಲ ಎಂದು ನನಗೆ ಈಗ ಅನ್ನಿಸುತ್ತದೆ.

ಆ ವರ್ಷ ನಮ್ಮ ಓಣಿಯ ನೀಲಕ್ಕ ತವರಿಗೆ ಬಂದಳು. ನನಗಿಂತ ಏಳೆಂಟು ವರ್ಷ ದೊಡ್ಡವಳು. ನನಗೆ ಹೆರಳು ಹಾಕುತ್ತಿದ್ದವಳು, ಅತ್ತೆಯಿಂದ ವಾರಕ್ಕೆರಡು ಕಾದಂಬರಿ ಒಯ್ಯುತ್ತಿದ್ದವಳು. ಆಕೆಯನ್ನು ಬಬಲೇಶ್ವರದ ಹತ್ತಿರದ ಜೈನಾಪುರಕ್ಕೆ ಕೊಟ್ಟು ಎರಡು ವರ್ಷವಾಗಿತ್ತು. ಹಬ್ಬವಿರಲಿಲ್ಲ, ಪಂಚಮಿಯಿರಲಿಲ್ಲ, ಒಂದು ಕೈಚೀಲದೊಂದಿಗೆ ಒಬ್ಬಳೇ ಬಂದಿಳಿದಳು. ಎಡ ಮೊಣಕೈಯ ಮೇಲೆ ಹಂಚಿನ ಬಿಸಿ ತಗುಲಿದ ಉದ್ದನೆಯ ಗುರುತಿತ್ತು. ರೊಟ್ಟಿ ಮಾಡುವಾಗ ತಾಗಿತು ಎಂದು ಕೇಳಿದವರಿಗೆ ಹೇಳುತ್ತಿದ್ದಳು. ದಿನಾ ರೊಟ್ಟಿ ಬಡಿಯುವ ಹೆಂಗಸರಿಗೆ ಹಂಚು ಎಲ್ಲಿ ತಾಗುತ್ತದೆ, ಎಲ್ಲಿ ತಾಗುವುದಿಲ್ಲ ಎಂಬುದು ಗೊತ್ತಿರುತ್ತದೆ, ಯಾರೂ ಮತ್ತೆ ಕೇಳಲಿಲ್ಲ. ಆಕೆಯ ಅಪ್ಪ ಬಸಗೊಂಡ ಕಾಕಾ ಮಗಳ ಜೊತೆ ಮಾತೇ ಆಡಲಿಲ್ಲ. ಮನೆಯೊಳಗೆ ಇರಗೊಟ್ಟ, ಆದರೆ ಆಕೆ ನೀಡಿದ ನೀರು ಮುಟ್ಟಲಿಲ್ಲ. ತಾಯಿ ಶಿವಕ್ಕ ದಿನವೂ ಅತ್ತೆಯ ಮುಂದೆ ಬಂದು ಅಳುತ್ತಿದ್ದಳು.

"ಹಿರ್ಯಾರು ಹೇಳಿದ್ರು, ಸ್ವಾಮಿಗಳು ಹೇಳಿದ್ರು ಅಕ್ಕಾ, ಮನಷ್ಯಾ ಜಗ್ಗವೊಲ್ಲ. ಬರೂ ಅಮಾಸಿಗೆ ಕಳಸ್ತೇನಿ ಅಂತಾನ."

"ಮನಷ್ಯಾರ ಮಾತ ಕೇಳಂಗಿಲ್ಲಲ್ಲ ನಿನ್ನ ಗಂಡ," ಎಂದಳು ಅತ್ತೆ. "ನೋಡೂಣು ತಡಿ."

ಬಸಗೊಂಡ ಕಾಕಾನಿಗೆ ಸಿನಿಮಾದ ಹುಚ್ಚು. ಓದಲು ಬಾರದ ಆತ ವಾರವಾರವೂ ಬೋರ್ಡು ಓದಿಸಿಕೊಂಡೇ ಹೋಗುವವನು. ಅತ್ತೆ ಏನು ಯೋಚಿಸುತ್ತಿದ್ದಳು ಎಂಬುದು ಆಗ ನನಗೂ ಅರ್ಥವಾಗಿತ್ತು. ಗಂಡನ ಮನೆ ಬಿಟ್ಟು ಬಂದ ಮಗಳ ಕಥೆಯ ಸಿನಿಮಾ ಒಂದು ಆಗಷ್ಟೇ ವಿಜಯಪುರಕ್ಕೆ ಬಂದಿದೆ ಎಂದು ಆಕೆ ಪೇಪರಿನಲ್ಲಿ ಓದಿದ್ದಳು. ಅದರ ಹೆಸರು ಇಲ್ಲಿ ಬೇಡ. ಊರಿನವರು ಇನ್ನೂ ಯಾರೂ ನೋಡಿರಲಿಲ್ಲ. ನಾನು ಆ ವಾರ ರಜೆಗೆಂದು ವಿಜಯಪುರದ ಮಾವನ ಮನೆಗೆ ಹೊರಟಿದ್ದೆ.

"ಸುನಿ, ಮಾವಗ ಹೇಳಿ ಆ ಸಿನಿಮಾ ನೋಡ್ಕೊಂಡ ಬಾ," ಎಂದು ಅತ್ತೆ ನನ್ನ ಗದ್ದ ಹಿಡಿದು ಹೇಳಿದಳು. "ಪೂರ್ತಿ ನೋಡಬೇಕು ಮತ್ತ. ಬಾಕಿನ ಮ್ಯಾಲ ಕುಂತ ಹೇಳಬೇಕು."

ಮಾವನ ಮನೆಯಲ್ಲಿ ನಲ್ಲಿಗೆ ಭೂತನಾಳ ಕೆರೆಯ ನೀರು ಬರುವ ಹೊತ್ತು ಮನೆಯವರೆಲ್ಲ ಕೊಡಗಳೊಂದಿಗೆ ಓಡಾಡುತ್ತಿದ್ದರು. ಆ ಗದ್ದಲ ಮುಗಿಸಿ ಮಧ್ಯಾಹ್ನದ ಆಟಕ್ಕೆ ಹೋದೆವು, ಮಾವ, ಮಾಮಿ, ಅವರ ಇಬ್ಬರು ಗಂಡುಮಕ್ಕಳು, ಕಂಕುಳಿನ ಕೂಸು ಮತ್ತು ನಾನು. ಪರದೆಯ ಮೇಲಿನ ಮಗಳು ಗಂಡನ ಮನೆಯಲ್ಲಿ ಪಡಬಾರದ ಪಾಡು ಪಟ್ಟಳು. ಒಂದು ಗಂಟು ಹೊತ್ತು ಬಿಸಿಲಲ್ಲಿ ತವರಿನ ಹಾದಿ ಹಿಡಿದಳು. ಆಕೆ ಇನ್ನೂ ಹಾದಿಯಲ್ಲಿರುವಾಗಲೇ ವಿರಾಮ ಬಂತು. ಅಷ್ಟರಲ್ಲಿ ಕೂಸು ರಚ್ಚೆ ಹಿಡಿದಿತ್ತು. ಸೆಕೆ, ಹೊಗೆ, ಏನು ಮಾಡಿದರೂ ಸುಮ್ಮನಾಗಲಿಲ್ಲ. ಮಾಮಿ ಮನೆಗೆ ಹೊರಟಳು, ಒಬ್ಬಳೇ ಹೋಗಲಾರಳೆಂದು ನನ್ನನ್ನು ಜೊತೆಗೆ ಹಾಕಿದರು. ಗಂಡುಹುಡುಗರನ್ನು ಯಾರೂ ಎಬ್ಬಿಸಲಿಲ್ಲ. ನಾನು ಅಳುತ್ತಾ ಕಾಲು ಕುಟ್ಟಿದೆ, ಮಾವ ಮತ್ತೊಮ್ಮೆ ಕರೆತರುತ್ತೇನೆ ಎಂದ. ಮತ್ತೊಮ್ಮೆ ಬರಲಿಲ್ಲ. ಮಾವನ ಮಕ್ಕಳನ್ನು ಕೊನೆಗೆ ಏನಾಯಿತು ಎಂದು ಕೇಳಬಹುದಾಗಿತ್ತು. ಕೇಳಲಿಲ್ಲ. ಅವರ ಮೇಲಿನ ಹೊಟ್ಟೆಕಿಚ್ಚಿಗೆ ನಾನು ಬಾಯಿ ಬಿಗಿಹಿಡಿದೆ. ಆ ಒಂದು ಹಟವನ್ನು ಬಿಟ್ಟಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಶುಕ್ರವಾರ ಊರಿಗೆ ಮರಳಿದೆ. ಅತ್ತೆ ಬಾಕನ್ನು ಒರೆಸಿಟ್ಟಿದ್ದಳು. ಅರ್ಧ ನೋಡಿದೆ ಎಂದು ಹೇಳಬೇಕೆಂದೇ ಬಸ್ಸಿನಲ್ಲಿ ಯೋಚಿಸಿಕೊಂಡು ಬಂದಿದ್ದೆ. ಆದರೆ ಆಕೆ ನನ್ನ ಎರಡೂ ಕಂಕುಳಿಗೆ ಕೈಕೊಟ್ಟು ಬಾಕಿನ ಮೇಲೆ ಕೂರಿಸಿ, ತಾನು ಕೆಳಗೆ ಚಾಪೆಯ ಮೇಲೆ ಕೂತುಬಿಟ್ಟಳು. ಪೇಪರು ಓದುತ್ತಿದ್ದ ಇಬ್ಬರು ಮುದುಕರು ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು. ನಾನು ಹೇಳತೊಡಗಿದೆ. ನೋಡಿದ ಅರ್ಧವನ್ನು ಚೆನ್ನಾಗಿಯೇ ಹೇಳಿದೆ. ಮಗಳು ಹಾದಿಯಲ್ಲಿ ನಡೆಯುತ್ತಿದ್ದಳು, ನಾನೂ ಸಾಧ್ಯವಾದಷ್ಟು ನಿಧಾನ ನಡೆಸುತ್ತಿದ್ದೆ. ಊರ ಅಗಸಿ ಬಂತು, ಓಣಿ ಬಂತು.

"ಆಮ್ಯಾಲ?" ಎಂದಳು ಅತ್ತೆ. "ಅಪ್ಪ ಒಳಗ ಕರಕೊಂಡನೋ ಇಲ್ಲೋ? ಹೇಳಽ ಸುನಿ."

ಆ ಮುಖವನ್ನು ನೋಡಿ ಇಲ್ಲ ಎನ್ನುವುದು ಹೇಗೆ? ಗೊತ್ತಿಲ್ಲ ಎನ್ನುವುದು ಅದಕ್ಕಿಂತ ಕಷ್ಟವಾಗಿತ್ತು.

"ಕರಕೊಂಡ," ಎಂದೆ.

ಒಂದು ಸಲ ಬಾಯಿಬಿಟ್ಟ ಮೇಲೆ ಉಳಿದದ್ದು ತಾನಾಗಿಯೇ ಬಂತು. ಅಪ್ಪ ಊಟಕ್ಕೆ ಕೂತಿದ್ದ ಎಂದೆ. ಏನೂ ಕೇಳಲಿಲ್ಲ ಎಂದೆ. ಮಗ್ಗುಲಿಗೆ ತಾಟು ಇಡಿಸಿ, ತನ್ನ ರೊಟ್ಟಿ ಮುರಿದು ಅರ್ಧ ಆಕೆಯ ತಾಟಿಗೆ ಹಾಕಿದ ಎಂದೆ. ಅತ್ತೆ ಬಹಳ ಹೊತ್ತು ನನ್ನನ್ನೇ ನೋಡಿದಳು. ಕಣ್ಣು ತುಂಬಿದ್ದವು. ಆಮೇಲೆ ಎದ್ದು, ನೋಟ್‌ಬುಕ್ ತೆಗೆದು 'ಹೇಳಿದವರು: ಸುನಂದಾ' ಎಂದು ದುಂಡಗೆ ಬರೆದು ನನಗೆ ತೋರಿಸಿದಳು. ನನಗೆ ಆದ ಸಂತೋಷವನ್ನು ಇವತ್ತು ನೆನೆದರೆ ನಾಚಿಕೆಯಾಗುತ್ತದೆ, ಆದರೆ ಸಂತೋಷವಾದದ್ದು ನಿಜ.

ಮರುದಿನ ಬೋರ್ಡಿನ ಮೇಲೆ 'ನಮ್ಮ ಮಾತು' ಹೀಗಿತ್ತು: 'ಹೆಣ್ಣುಮಕ್ಕಳ ತಂದೆಯಾದವರು ತಪ್ಪದೆ ನೋಡಬೇಕು. ನೋಡಿ, ಹಾಗೆಯೇ ನಡೆದುಕೊಳ್ಳಬೇಕು.' ಅಷ್ಟು ಉದ್ದ ಆಕೆ ಎಂದೂ ಬರೆದವಳಲ್ಲ. ಬಸಗೊಂಡ ಕಾಕಾ ಬಂದಾಗ ತಾನೇ ಹೊರಗೆ ನಿಂತು, ಒಂದೊಂದು ಶಬ್ದಕ್ಕೂ ಬೆರಳಿಟ್ಟು ಓದಿ ಹೇಳಿದಳು. ಮಗಳನ್ನೂ ಕರೆದುಕೊಂಡು ಹೋಗು ಎಂದಳು. ಆತ ಗಡ್ಡ ಕೆರೆದುಕೊಂಡು, ಆಗಲಿ ಎಂದ. ಭಾನುವಾರ ಬೆಳಗಿನ ಬಸ್ಸಿಗೆ ಗಂಡ, ಹೆಂಡತಿ, ಮಗಳು ಮೂವರೂ ಹೊರಟರು. ನೀಲಕ್ಕ ಇಸ್ತ್ರಿ ಮಾಡಿದ ಹಸಿರು ಸೀರೆ ಉಟ್ಟಿದ್ದಳು, ಬಸ್ಸಿನ ಕಿಟಕಿಯಿಂದ ನಮ್ಮ ಕಡೆ ಕೈ ಬೀಸಿದಳು. ಅತ್ತೆ ಆ ದಿನ ಅಡುಗೆಮನೆಯಲ್ಲಿ ಹಾಡಿಕೊಳ್ಳುತ್ತಾ ಜೋಳ ಹಸನು ಮಾಡಿದಳು, ಅವ್ವನ ಜೊತೆ ಒಂದೂ ಜಗಳವಾಗಲಿಲ್ಲ.

ಸಂಜೆ ಹೊತ್ತು ಮುಳುಗುವ ಮುನ್ನ ಅವರು ಬಂದಿಳಿದರು. ಶಿವಕ್ಕ ಮತ್ತು ನೀಲಕ್ಕ ನಮ್ಮ ಬಾಗಿಲ ಕಡೆ ನೋಡದೆ ಓಣಿಯೊಳಗೆ ನಡೆದುಬಿಟ್ಟರು. ಬಸಗೊಂಡ ಕಾಕಾ ಒಬ್ಬನೇ ನಮ್ಮಲ್ಲಿಗೆ ಬಂದ. ಸಿಟ್ಟಿನಿಂದ ಬಂದನೆಂದು ತಿಳಿದು ನಾನು ಚೀಲಗಳ ಹಿಂದೆ ಸೇರಿಕೊಂಡೆ. ಆತನ ಮುಖದಲ್ಲಿ ಸಿಟ್ಟಿರಲಿಲ್ಲ. ಬಹಳ ದಿನದ ಭಾರ ಇಳಿಸಿಬಂದವನ ಹಾಗಿದ್ದ. ಬೋರ್ಡಿಗೆ ಕೈಮುಗಿದ.

"ಅಕ್ಕಾರ, ಭಾಳ ಚಲೋ ಸಿನಿಮಾರಿ. ನೀವು ಬರದದ್ದು ಖರೇ ಐತಿ. ಅಪ್ಪ ಅಂದ್ರ ಹಂಗಿರಬೇಕ್ರಿ."

"ಹೌದಲ್ಲ," ಎಂದಳು ಅತ್ತೆ ಹಿಗ್ಗಿನಿಂದ. "ಕರಕೊಂಡನಲ್ಲ ಮಗಳನ್ನ?"

"ಕರಕೊಳ್ಳೂದು? ಬಾಗಲಾ ಹಾಕ್ಕೊಂಡ್ನಿರಿ! ಎಷ್ಟ ಬಡದ್ರೂ ತಗೀಲಿಲ್ಲ. ಆಕಿ ಹೋಗಿ ಭಾಂವಿಗೆ ಹಾರಿದ್ಲು. ಊರ ಮಂದಿಯೆಲ್ಲಾ ಬಂದು ಅಪ್ಪನ ಕಾಲಿಗೆ ಬಿದ್ರು. ಥೇಟರಿನ್ಯಾಗ ಒಬ್ಬರ ಕಣ್ಣ ಒಣಾ ಇರಲಿಲ್ರಿ. ನಾ ಒಂದೀಟ ಅಂಜಿದ್ದೆ ಖರೇ, ನೀವು ಹಂಗ ನಡಕೋಬೇಕಂತ ಬರದೀರಲ್ಲ, ಧೈರ್ಯ ಬಂತು. ಅಮಾಸಿ ತನಕ ಯಾಕ ಕಾಯೂದ್ರಿ? ನಾಡದ ಬಿಟ್ಟ ಬರ್ತೇನಿ."

ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಹಾಗಲ್ಲ, ತಪ್ಪಾಗಿದೆ, ಎಂದು ಏನೇನೋ ಹೇಳಿದಳು. ಮಗಳನ್ನು ಕಳಿಸಬೇಡ ಎಂದು ಆತನ ಹಿಂದೆಯೇ ಓಣಿಯ ತಿರುವಿನವರೆಗೆ ಹೋದಳು. ದೀಪ ಹಚ್ಚಿಯಾಗಿತ್ತು, ಅಪ್ಪನ ಕಟ್ಟಳೆ ಆಕೆಗೆ ನೆನಪಾಗಲಿಲ್ಲ. ಆದರೆ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದು ಬಾಯಿಮಾತಿಗಿಂತ ಗಟ್ಟಿ ಎಂದು ಅವನಿಗೆ ಕಲಿಸಿದವಳು ಅವಳೇ. ಮಂಗಳವಾರ ನೀಲಕ್ಕ ಅದೇ ಹಸಿರು ಸೀರೆಯಲ್ಲಿ ಬಸ್ ಹತ್ತಿದಳು. ವಿಜಯಪುರಕ್ಕೆ, ಅಲ್ಲಿಂದ ಬಬಲೇಶ್ವರಕ್ಕೆ, ಅಲ್ಲಿಂದ ಗಂಡನ ಮನೆಗೆ. ಈ ಸಲ ಕಿಟಕಿಯ ಕಡೆ ಆಕೆಯ ಅಪ್ಪ ಕೂತಿದ್ದ.

ಬುಧವಾರ ಶಿವಕ್ಕ ಬಂದಳು. ಪಡಸಾಲೆ ತುಂಬಿತ್ತು. ತಲೆಯ ಮೇಲಿನ ಸೆರಗು ಜಾರಿದ್ದರೂ ಆಕೆಗೆ ಪರಿವೆಯಿರಲಿಲ್ಲ.

"ನೀ ಅಣ್ಣನ ಮನ್ಯಾಗ ಬೆಚ್ಚಗ ಕುಂತು ನನ್ನ ಮಗಳ್ನ ಬೆಂಕ್ಯಾಗ ನೂಕಿದಿ! ಯಾರ ಹೇಳಿದ್ರ ನಿನಗ ಆ ಕಥಿ? ನೋಡಿದವ್ರ ಯಾರು? ತಗಿ ನಿನ್ನ ನೋಟಬುಕ್ಕ. ಹೆಸರು ತೋರಸು!"

ನಾನು ಅಡುಗೆಮನೆಯ ಹೊಸ್ತಿಲ ಮೇಲೆ ನಿಂತಿದ್ದೆ. ಮೇಜಿನ ಮೇಲೆ ನೋಟ್‌ಬುಕ್ ಇತ್ತು, ಅದರೊಳಗೆ ನನ್ನ ಹೆಸರು ದುಂಡಗೆ ಇತ್ತು. ಹೇಳು, ಈಗ ಹೇಳು ಎಂದು ನನ್ನೊಳಗೇ ಯಾರೋ ಅನ್ನುತ್ತಿದ್ದರು. ಅಷ್ಟರಲ್ಲಿ ಅತ್ತೆ ನೋಟ್‌ಬುಕ್ ಎತ್ತಿಕೊಂಡು ಸೆರಗಿನಲ್ಲಿ ಮುಚ್ಚಿದಳು.

"ಯಾರೂ ಹೇಳಿಲ್ಲ ಶಿವಕ್ಕಾ. ನಾನ ನೋಡೇನಿ. ಪುಸ್ತಕ ತರಾಕ ಹ್ವಾದಾಗ ನಾನ ಹೋಗಿ ನೋಡೇನಿ. ಕಣ್ಣಿಗೆ ನೀರ ಬಂದು ಕೊನಿ ನೆಟ್ಟಗ ಕಾಣಲಿಲ್ಲ."

ಅಪ್ಪ ಆಗಲೇ ಕಚೇರಿಯಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ. ಒಂದು ಕಾಲಿನ ಚಪ್ಪಲಿ ಬಿಟ್ಟವನು ಇನ್ನೊಂದನ್ನು ಬಿಡದೆ ಹಾಗೆಯೇ ನಿಂತ. ಅಷ್ಟು ಜನರ ಮುಂದೆ ಆತ ದನಿ ಏರಿಸಲಿಲ್ಲ.

"ಒಬ್ಬಾಕೀನ ಹೋಗಿದ್ದಿ ಏನು ಥೇಟರಿಗೆ?"

"ಹೌದು."

"ಕೀಲಿ ಕೊಡು."

ಅತ್ತೆ ಸೊಂಟದಿಂದ ಕಪಾಟಿನ ಕೀಲಿಗೊಂಚಲು ಬಿಚ್ಚಿ ಕೊಟ್ಟಳು. ಒಳಗೆ ಬರುವಾಗ ನನ್ನ ಪಕ್ಕದಲ್ಲೇ ಹಾಯ್ದಳು, ನನ್ನ ಕಡೆ ನೋಡಲಿಲ್ಲ. ನೇರ ಒಲೆಯ ಮುಂದೆ ಕೂತು ನೋಟ್‌ಬುಕ್ಕನ್ನು ಹಾಳೆ ಹಾಳೆಯಾಗಿ ಹರಿದು ಬೆಂಕಿಗೆ ಹಾಕಿದಳು, ಅದೇ ಬೆಂಕಿಯ ಮೇಲೆ ಆ ಸಂಜೆಯ ರೊಟ್ಟಿ ಆದವು. ಅಪ್ಪ ಆ ದಿನದಿಂದ ತಂಗಿಯ ಜೊತೆ ಮಾತು ಬಿಟ್ಟ. ಬೇಕಾದದ್ದನ್ನು ಅವ್ವನ ಮೂಲಕ ಹೇಳಿಸುತ್ತಿದ್ದ. ಅವ್ವನಿಗೆ ಗೆದ್ದಂತಾಗಬೇಕಿತ್ತು, ಆಗಲಿಲ್ಲ. ಶೇಂಗಾ ಚೀಲವನ್ನು ತಾನೇ ಪೇಪರಿನ ಕಟ್ಟಿನ ಮೇಲಿನಿಂದ ತೆಗೆದಳು. ಅತ್ತೆ ಆಮೇಲೆ ಊಟದ ಹೊತ್ತಿನಲ್ಲಿ ಎಡಗೈಯಲ್ಲಿ ಪುಸ್ತಕ ಹಿಡಿದದ್ದನ್ನು ನಾನು ನೋಡಲಿಲ್ಲ. ಬೋರ್ಡು ಅಂಗಳದ ನೀರಿನ ಹೌದಿಗೆ ಮುಚ್ಚಳವಾಯಿತು. ಅದನ್ನು ಸರಿಸಿ ನೀರು ತುಂಬಿಕೊಳ್ಳುವಾಗಲೆಲ್ಲ, ಎಷ್ಟೋ ತಿಂಗಳವರೆಗೆ, ಬಿಸಿಲು ಓರೆಯಾಗಿ ಬಿದ್ದರೆ 'ನಡೆದುಕೊಳ್ಳಬೇಕು' ಎಂಬ ಅಕ್ಷರಗಳು ಮಸುಕಾಗಿ ಕಾಣುತ್ತಿದ್ದವು. ನಾನು ಓದಿನಲ್ಲಿ ಜಾಣೆಯಾದೆ, ಮಾಸ್ತರಿಕೆ ಹಿಡಿದೆ, ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಮೂವತ್ತು ವರ್ಷ ಕಲಿಸಿದೆ.

ಅಪ್ಪ ತೀರಿಹೋದ ಮೇಲೆ, ಅತ್ತೆಯ ಕೊನೆಯ ವರ್ಷಗಳಲ್ಲಿ ಒಂದು ದಿನ, ಸೋಸಲು ಕೂತಿದ್ದ ಮೆಂತ್ಯದ ಸೊಪ್ಪಿನ ನಡುವೆ ಆಕೆಗೆ ಹೇಳಿದೆ. ಸಿನಿಮಾ ಅರ್ಧವೇ ನೋಡಿದ್ದೆ, ಕೊನೆಯನ್ನು ನಾನೇ ಕಟ್ಟಿದ್ದೆ ಎಂದೆ. ಅತ್ತೆ ಕಡ್ಡಿ ಬೇರೆ ಎಲೆ ಬೇರೆ ಮಾಡುವುದನ್ನು ನಿಲ್ಲಿಸಲಿಲ್ಲ.

"ನಿಮ್ಮಪ್ಪ ನನ್ನ ತಾಟಿಗೆ ರೊಟ್ಟಿ ಮುರದ ಹಾಕಿದ್ದು ಸಿನಿಮಾದಾವ್ರಿಗೆ ಹೆಂಗ ಗೊತ್ತಾಕ್ಕತಿ ಸುನಿ? ಅವತ್ತ ತಿಳದಿತ್ತು ನನಗ."

"ಮತ್ತ ಯಾಕ ಬರದಿ ಅತ್ತಿ?"

"ಹಂಗ ಆಗಲಿ ಅಂತ ಆಸೆ ಇತ್ತು. ನೀ ಸಣ್ಣಾಕಿ, ನಾ ದೊಡ್ಡಾಕಿ. ಗೊತ್ತಿದ್ದು ಬರದಾಕಿ ನಾ." ಸೋಸಿದ ಎಲೆಗಳನ್ನು ಬುಟ್ಟಿಗೆ ಹಾಕಿ ಆಕೆಯೇ ಅಂದಳು: "ಈಗ ನನ್ನ ಮುಂದ ಹೇಳಿ ಏನ ಬಂತು? ನೀಲವ್ವಗ ಹೇಳು."

ಹೇಳುತ್ತೇನೆ ಎಂದೆ. ಅತ್ತೆ ಹೋಗಿ ವರ್ಷಗಳಾದವು, ಹೇಳಲಿಲ್ಲ. ನೀಲಕ್ಕ ಬದುಕಿದ್ದಾಳೆ, ಅದೂ ನಮ್ಮ ಊರಲ್ಲೇ. ಗಂಡ ತೀರಿದ ಮೇಲೆ ಟಿಕೋಟಾಕ್ಕೆ ಕೊಟ್ಟ ತನ್ನ ಮಗಳ ಮನೆಗೆ ಬಂದು ಇದ್ದಾಳೆ. ಎಡಗಿವಿ ಕೇಳುವುದಿಲ್ಲ. ಯಾಕೆ ಕೇಳುವುದಿಲ್ಲ ಎಂಬುದಕ್ಕೆ ಆಕೆ ರೊಟ್ಟಿ ಹಂಚಿನಂಥ ಒಂದು ಕಾರಣ ಹೇಳುತ್ತಾಳೆ. ಯಾರಾದರೂ ಮಾತಾಡಿದರೆ ಬಲಗಡೆಯ ಕೆನ್ನೆಯನ್ನು ಅವರ ಕಡೆಗೆ ತಿರುಗಿಸಿ ನಿಲ್ಲುತ್ತಾಳೆ.

ಈಗ ಗ್ರಂಥಾಲಯಕ್ಕೆ ಅದರದೇ ಕಟ್ಟಡವಿದೆ, ಫ್ಯಾನುಗಳಿವೆ, ವಾಟ್ಸಾಪ್ ಗುಂಪಿದೆ. ನಿವೃತ್ತಳಾಗಿ ಊರಿಗೆ ಬಂದ ನನಗೆ ಆ ಗುಂಪಿನಲ್ಲಿ ಪ್ರತಿ ಶನಿವಾರ ಹೊಸ ಪುಸ್ತಕ, ಹೊಸ ಸಿನಿಮಾಗಳ ಬಗ್ಗೆ ನಾಲ್ಕು ಸಾಲು ಬರೆದು ಹಾಕುವ ಕೆಲಸ ಕೊಟ್ಟಿದ್ದಾರೆ. ಪೂರ್ತಿ ನೋಡದ್ದನ್ನು, ಪೂರ್ತಿ ಓದದ್ದನ್ನು ಹಾಕುವುದಿಲ್ಲ ಎಂದು ನನಗೆ ನಾನೇ ಆಣೆ ಹಾಕಿಕೊಂಡಿದ್ದೆ. ಆದರೆ ವಾರ ಬೇಗ ಬರುತ್ತದೆ, ಕಣ್ಣು ಬೇಗ ದಣಿಯುತ್ತವೆ. ಹೋದ ತಿಂಗಳು ಒಂದು ದಪ್ಪ ಕಾದಂಬರಿಗೆ, ಅರ್ಧವೂ ಮುಗಿಸದೆ, 'ತಾಯಿ ಮಗಳು ತಪ್ಪದೆ ಓದಬೇಕು' ಎಂದು ಬರೆದು ಹಾಕಿದೆ. ಸೋಮವಾರ ಬೆಳಿಗ್ಗೆ ನೀಲಕ್ಕ ಆ ಪುಸ್ತಕವನ್ನು ಕಪಾಟಿನಿಂದ ತೆಗೆದುಕೊಂಡು ನಾನು ಕೂತಿದ್ದ ಮೇಜಿನ ಮುಂದೆ ಬಂದು ನಿಂತಳು. ಮಗಳ ಫೋನಿನಲ್ಲಿ ನೋಡಿದಳಂತೆ.

"ನೀ ಚಲೋ ಐತಿ ಅಂತ ಬರದೀಯಂತ ಸುನಂದಾ. ಕೊನಿ ಹೆಂಗೈತಿ? ಕೊನಿ ಕೆಟ್ಟಿದ್ರ ನಾ ಓದಂಗಿಲ್ಲವಾ, ತಡಕೊಳ್ಳಾಕ ಆಗಂಗಿಲ್ಲ ಈಗೀಗ. ಪೂರ್ತಿ ಓದೀದಿ ಏನು?"

ಬಲಗಿವಿ ನನ್ನ ಕಡೆಗಿತ್ತು. ಓದೇನಿ, ಚಲೋ ಐತಿ ಎನ್ನುವುದು ನಾಲಿಗೆಯ ತುದಿಯವರೆಗೆ ಬಂದಿತ್ತು. ಅದೇ ಹಳೆಯ ಸಲೀಸು.

"ಇಲ್ಲ ನೀಲಕ್ಕಾ. ಅರ್ಧಾನ ಓದೇನಿ. ಕೊನಿ ನನಗ ಗೊತ್ತಿಲ್ಲ." ಎದ್ದು ಆ ಕಿವಿಯ ಹತ್ತಿರ ಬಾಗಿದೆ. "ಅವತ್ತಿನ ಸಿನಿಮಾನೂ ನಾ ಅರ್ಧಾನ ನೋಡಿದ್ದೆ. ಅತ್ತಿ ನೋಡಿರಲಿಲ್ಲ. ಹೇಳಿದಾಕಿ ನಾನು."

ಆಕೆ ಯಾವ ಸಿನಿಮಾ ಎಂದು ಕೇಳಲಿಲ್ಲ. ಪುಸ್ತಕವನ್ನು ಮೇಜಿನ ಮೇಲಿಟ್ಟು, ಕುರ್ಚಿ ಎಳೆದುಕೊಂಡು ಕೂತಳು. ಮೊಣಕೈಯ ಮೇಲಿನ ಆ ಗುರುತು ಈಗ ಚರ್ಮದ ಸುಕ್ಕಿನಲ್ಲಿ ಸೇರಿಹೋಗಿದೆ, ಅದರ ಮೇಲೆ ಹೆಬ್ಬೆರಳು ಆಡಿಸಿದಳು.

"ಮತ್ತ ನೀ ಹೇಳಿದ ಕಥ್ಯಾಗ ಕೊನಿಗೆ ಏನಾಗಿತ್ತು?" ಎಂದಳು. "ಹೇಳು. ಕೇಳತೇನಿ."

ಹೇಳಿದೆ. ಮಗಳು ಓಣಿಯೊಳಗೆ ಬಂದದ್ದು, ಬಾಗಿಲು ತೆರೆದೇ ಇದ್ದದ್ದು, ಅಪ್ಪ ಊಟಕ್ಕೆ ಕೂತಿದ್ದದ್ದು. ಆತ ಏನೂ ಕೇಳದಿದ್ದದ್ದು. ರೊಟ್ಟಿ ಮುರಿದು ಅರ್ಧವನ್ನು ಮಗಳ ತಾಟಿಗೆ ಹಾಕಿದ್ದು. ಅಲ್ಲಿಗೆ ನಿಲ್ಲಿಸಿದೆ. ಆಮೇಲೆ ಎಂದು ಆಕೆ ಕೇಳಲಿಲ್ಲ. ಎದ್ದು ಸೆರಗು ಸರಿಮಾಡಿಕೊಂಡಳು. ಪುಸ್ತಕವನ್ನು ಮೇಜಿನ ಮೇಲೆಯೇ ಬಿಟ್ಟು ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

"ನನಗ ಅರ್ಧಾ ರೊಟ್ಟಿ ಸಾಕಾಗತಿತ್ತು ಸುನಂದಾ," ಎಂದಳು.